ಹಿಡಿಕೆಗೆ ಕಟ್ಟಿದ ನೂಲು

ಕೊರೊನಾ ಕಳೆದ ಮೇಲಿನ ಎರಡನೆಯ ಬೇಸಿಗೆ. ಆಗ ನಾನು ಜಮಖಂಡಿಯ ಒಂದು ಫ್ಲೋರಿಂಗ್ ಏಜೆನ್ಸಿಯಲ್ಲಿ ಸೈಟ್ ಸೂಪರ್‌ವೈಸರ್ ಆಗಿದ್ದೆ. ಅಂಗಡಿ, ಬ್ಯಾಂಕು, ಆಸ್ಪತ್ರೆ, ಮಂಗಲ ಕಾರ್ಯಾಲಯಗಳ ಹಳೆಯ ನೆಲ ಕಿತ್ತು ಹೊಸದು ಹಾಕುವುದು ನಮ್ಮ ಕೆಲಸ. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲವೂ ನನ್ನ ಸುತ್ತಾಟದ ಊರುಗಳು. ಹೆಂಗಸು ಸೈಟಿನ ಮೇಲೆ ನಿಂತು ಗಂಡಸರಿಗೆ ಹುಕುಂ ಮಾಡುವುದನ್ನು ನೋಡಿ ಮೊದಮೊದಲು ನಗುತ್ತಿದ್ದವರೇ ಆಮೇಲೆ "ನೆಲದ ಬಾಯಾರು ಬಂದ್ರು" ಎಂದು ಬೀಡಿ ಆರಿಸುವುದನ್ನು ಕಲಿತಿದ್ದರು. ಮೇಡಂ ಅನ್ನುವುದಕ್ಕೆ ನಮ್ಮ ಕಡೆ ಬಾಯಾರು. ನನ್ನ ಬಾಯಿ ಸ್ವಲ್ಪ ಜೋರು. ನಮ್ಮ ಮನೆಯಲ್ಲಿ ಮಾತು ಕನ್ನಡದಲ್ಲಿ, ಸಿಟ್ಟು ಮರಾಠಿಯಲ್ಲಿ. ಆ ಬೇಸಿಗೆಯಲ್ಲಿ ಬನಹಟ್ಟಿಯಲ್ಲಿ ನಡೆದದ್ದನ್ನು ನೆನೆದರೆ ಎರಡೂ ಭಾಷೆ ಸಾಲುವುದಿಲ್ಲ.

ಮೊದಲು ಯಂತ್ರದ ಬಗ್ಗೆ ಹೇಳಬೇಕು. ಫ್ಲೋರ್ ಸ್ಟ್ರಿಪ್ಪಿಂಗ್ ಮಷಿನ್ ಎಂದರೆ ನೆಲಕ್ಕೆ ಗೋಂದಿನಿಂದ ಅಂಟಿಸಿದ ವಿನೈಲ್ ಶೀಟು, ಕಾರ್ಪೆಟ್ಟು, ಅದರ ಕೆಳಗಿನ ಒಣಗಿದ ಗೋಂದು, ಎಲ್ಲವನ್ನೂ ಕೆರೆದು ಎಬ್ಬಿಸುವ ಯಂತ್ರ. ನಮ್ಮ ಕಡೆ "ಕೆರಿಯೂ ಮಷಿನ್" ಅನ್ನುತ್ತಾರೆ. ಇಬ್ಬರು ಗಟ್ಟಿ ಆಳುಗಳು ಸೇರಿದರೂ ಮೆಟ್ಟಿಲು ಹತ್ತಿಸಲು ಏದುಸಿರು ಬಿಡುವಷ್ಟು ಭಾರ. ಮುಂದುಗಡೆ ಮೊರದಗಲದ ಉಕ್ಕಿನ ಬ್ಲೇಡು. ಅದು ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಹಿಂದೆ ಮುಂದೆ ನಡುಗುತ್ತ ಶೀಟಿನ ಅಡಿಗೆ ನುಗ್ಗುತ್ತದೆ, ಯಂತ್ರ ತಾನೇ ಮುಂದಕ್ಕೆ ತೆವಳುತ್ತದೆ. ನಡೆಸುವವನು ಹಿಂದೆ ನಿಂತು ಹಿಡಿಕೆ ಹಿಡಿದಿರಬೇಕು. ಹಿಡಿಕೆಯ ಜೊತೆಗೇ ಒಂದು ಲೀವರ್ ಇದೆ. ಅದನ್ನು ಒತ್ತಿ ಹಿಡಿದಿರುವತನಕ ಯಂತ್ರ ಓಡುತ್ತದೆ, ಕೈ ಬಿಟ್ಟ ಕ್ಷಣ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಡೆಡ್ ಮ್ಯಾನ್ ಸ್ವಿಚ್ ಎಂದು ಹೆಸರು. ಹಿಡಿದವನು ಸತ್ತು ಬಿದ್ದರೂ ಯಂತ್ರ ನಿಲ್ಲಬೇಕು, ಇನ್ನೊಬ್ಬರ ಮೇಲೆ ಹೋಗಬಾರದು ಅಂತ.

ನಿಯಮಗಳೇನೂ ದೊಡ್ಡ ವಿದ್ಯೆಯಲ್ಲ. ಶುರು ಮಾಡುವ ಮೊದಲು ನೆಲವನ್ನೆಲ್ಲ ಕಾಲಿನಿಂದಲೂ ಸುತ್ತಿಗೆಯ ಹಿಡಿಯಿಂದಲೂ ತಟ್ಟಿ ನೋಡಬೇಕು, ಮೊಳೆ, ಬೋಲ್ಟು, ವೈರಿನ ಡಬ್ಬಿ ಏನಾದರೂ ಇದ್ದರೆ ಚಾಕ್‌ಪೀಸಿನಿಂದ ಗುರುತು ಹಾಕಿ ಮೊದಲು ಅದನ್ನು ತೆಗೆಸಬೇಕು. ತುಂಬ ಹಳೆಯ ಶೀಟಾದರೆ ಅದರಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇದೆಯೋ ಎಂದು ತಿಳಿಯದೆ ಕೆರೆಯಬಾರದು, ಅದರ ಧೂಳು ಎದೆಗೂಡಿಗೆ ಹೋದರೆ ಮುಗಿಯಿತು. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಹಾಕಬಾರದು. ಕೇಬಲ್ಲು ಯಾವಾಗಲೂ ನಡೆಸುವವನ ಹಿಂದೆ ಇರಬೇಕು. ಬ್ಲೇಡು ಮುಟ್ಟುವ ಮೊದಲು ಪ್ಲಗ್ ಕಿತ್ತಿರಬೇಕು. ಕಾಲಿಗೆ ಬೂಟು, ಕಣ್ಣಿಗೆ ಕನ್ನಡಕ. ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರ ಓಡುತ್ತಿರುವಾಗ ಅದರ ಮುಂದೆ ಒಂದು ನರಪಿಳ್ಳೆಯೂ ಇರಬಾರದು. ಎಬ್ಬಿಸಿದ ಪಟ್ಟಿಗಳನ್ನು ಆರಿಸುವವರು ಯಂತ್ರ ನಿಂತ ಮೇಲೆಯೇ ಬರಬೇಕು.

ಬನಹಟ್ಟಿಯ ಕೆಲಸ ಒಬ್ಬ ಜವಳಿ ವ್ಯಾಪಾರಿಯದು. ಎಲ್ಲರೂ ಅವರನ್ನು ಸಾವ್ಕಾರ್ರು ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಅವರಿಗೆ ಪವರ್‌ಲೂಮಿನ ಶೆಡ್ಡುಗಳೂ ಇದ್ದವು, ಸೀರೆ ಅಂಗಡಿಯೂ ಇತ್ತು. ಅಂಗಡಿಯ ವಿನೈಲ್ ನೆಲ ಕಿತ್ತು ಮದುವೆ ಹಂಗಾಮಿನೊಳಗೆ ಫಳಫಳ ಹೊಳೆಯುವ ಟೈಲ್ಸ್ ಹಾಕಬೇಕಿತ್ತು. ನಮ್ಮ ತರಬೇತಾದ ಆಪರೇಟರ್ ಬೀಳಗಿಯಲ್ಲಿ ಒಂದು ಆಸ್ಪತ್ರೆಯ ಕೆಲಸದಲ್ಲಿ ಸಿಕ್ಕಿಬಿದ್ದಿದ್ದ. ಅವನು ಬರುವತನಕ ಕಾಯಿರಿ ಎಂದರೆ ಸಾವ್ಕಾರ್ರು ಕೈ ಬೀಸಿದರು.

"ನಿಮ್ಮ ಮಂದಿ ಯಾಕ ಬೇಕ್ರಿ ಬಾಯಾರ? ನಮ್ಮ ಮಗ್ಗದ ಮಂದಿ ಅದಾರಲ್ಲ. ಹುಟ್ಟಿದಾಗಿಂದ ಮಷಿನ್ ಸಂಗಾಟ ಬೆಳದಾರ. ನೀವು ನಿಂತ ತೋರಿಸ್ರಿ, ಸಾಕು."

ನಮ್ಮ ಏಜೆನ್ಸಿಯ ಮಾಲೀಕರು ಫೋನಿನಲ್ಲೇ ಒಪ್ಪಿಬಿಟ್ಟರು. ಹೀಗೆ ಯಂತ್ರ ನಡೆಸಲು ಬಂದವನು ಪಾರಪ್ಪ, ಸಾವ್ಕಾರ್ರ ಶೆಡ್ಡಿನಲ್ಲಿ ಅರ್ಧ ಆಯುಷ್ಯ ಕಳೆದ ನೇಕಾರ. ಪಟ್ಟಿ ಆರಿಸಲು ಬಂದವಳು ಅವನ ಹೆಂಡತಿ ಗಂಗವ್ವ. ಮಗ್ಗದ ಹಾಸು ಮುಗಿದಾಗ ಹಳೆಯ ಎಳೆಗೆ ಹೊಸ ಎಳೆ ಕೂಡಿಸಿ ಗಂಟು ಹಾಕುವುದು ಅವಳ ನಿತ್ಯದ ಕೆಲಸ. ಮಾತಿಗೊಮ್ಮೆ ನಗುವ ಹೆಂಗಸು. ಇಬ್ಬರಿಗೂ ಒಂದೊಂದು ಜೊತೆ ಹೊಸ ಬೂಟು ಕೊಟ್ಟೆ. ಪಾರಪ್ಪ ಹಾಕಿಕೊಂಡ. ಗಂಗವ್ವ ತನ್ನದನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿದಳು.

"ಗಂಗವ್ವ, ಕಾಲಿಗೆ ಹಾಕೋಬೇಕವ್ವ ಅವನ್ನ."

"ಹೊಸಾವು ಅದಾವ್ರಿ ಬಾಯಾರ, ಹೊಲಸ ಆಗ್ತಾವು. ಮನಿಗಿ ಒಯ್ತೇನಿ, ಮಳಿಗಾಲಕ್ಕ ಆಗತಾವು."

ಬೈದು ಹಾಕಿಸಿದೆ. ನಾನು ಆಚೆ ತಿರುಗಿದರೆ ಮತ್ತೆ ಚೀಲದೊಳಗೆ. ದುಡಿಯುವವರಿಗೆ ಒಳ್ಳೆಯ ವಸ್ತು ಸಿಕ್ಕರೆ ಅದು ಇವತ್ತಿಗಲ್ಲ, ಯಾವತ್ತೋ ಒಂದು ದಿನಕ್ಕೆ. ಇದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಕೆಲಸಕ್ಕೆ ಮೊದಲು ಪೂಜೆ ಆಯಿತು. ಪೂಜೆಗೆ ನನ್ನ ತಕರಾರಿಲ್ಲ, ನಾನೂ ಕೈ ಮುಗಿಯುವವಳೇ. ಆದರೆ ಸಾವ್ಕಾರ್ರು ವಿಭೂತಿಯ ಮೂರು ಬೆರಳು ಎಳೆದು ಕುಂಕುಮ ಹಚ್ಚಿದ್ದು ಎಲ್ಲಿ ಗೊತ್ತೇ? ಹಿಡಿಕೆಯ ಕೆಳಗೆ ಅಂಟಿಸಿದ್ದ ಎಚ್ಚರಿಕೆಯ ಸ್ಟಿಕ್ಕರಿನ ಮೇಲೆ. ಬ್ಲೇಡಿನ ಮುಂದೆ ಕಾಲಿಟ್ಟ ಮನುಷ್ಯನ ಚಿತ್ರಕ್ಕೆ ಅಡ್ಡ ಗೆರೆ ಎಳೆದಿತ್ತಲ್ಲ, ಆ ಚಿತ್ರವೇ ಮುಚ್ಚಿಹೋಯಿತು. ಬಟ್ಟೆ ತೆಗೆದುಕೊಂಡು ಒರೆಸಲು ಹೋದರೆ "ಏ ಏ, ಅಪಶಕುನ ಆಗತೈತ್ರಿ ಬಾಯಾರ!" ಎಂದು ನಾಲ್ಕು ಬಾಯಿ ಒಟ್ಟಿಗೆ ಕೂಗಿದವು. ಯಂತ್ರಕ್ಕೆ ಕಾಯಿ ಒಡೆಯುತ್ತಾರೆ, ಯಂತ್ರ ಹೇಳುವ ಒಂದು ಮಾತು ಕೇಳುವುದಿಲ್ಲ.

ನಾನು ನೆಲ ತಟ್ಟುತ್ತ ಹೋದೆ. ಅಂಗಡಿಯ ಹಿಂಭಾಗದಲ್ಲಿ ಸುತ್ತಿಗೆಯ ಹಿಡಿ ಅಲ್ಲಲ್ಲಿ ಠಣ್ ಎಂದಿತು. ಶೀಟಿನ ಮೇಲೆ ಕೈಯಾಡಿಸಿದರೆ ಕಾಳಿನಷ್ಟು ಉಬ್ಬು. ಕೇಳಿದ ಮೇಲೆ ಪಾರಪ್ಪ ಬಾಯಿಬಿಟ್ಟ. ಆ ಅಂಗಡಿ ಮೊದಲು ಮಗ್ಗದ ಶೆಡ್ಡಾಗಿತ್ತಂತೆ. ಮಗ್ಗದ ಕಾಲುಗಳನ್ನು ನೆಲಕ್ಕೆ ಬಿಗಿದಿದ್ದ ಬೋಲ್ಟುಗಳನ್ನು ಕೀಳದೆ ಮೇಲೆ ಮೇಲೆ ಕೊಯ್ದು, ಅದರ ಮೇಲೆಯೇ ಶೀಟು ಹಾಸಿದ್ದರು. ಬ್ಲೇಡು ಅಂಥ ಬೋಲ್ಟಿಗೆ ಬಡಿದರೆ ಅಷ್ಟು ಭಾರದ ಯಂತ್ರ ಒಮ್ಮೆಲೇ ಪಕ್ಕಕ್ಕೆ ಸಿಡಿಯುತ್ತದೆ. ಉಬ್ಬಿದ್ದ ಕಡೆಯೆಲ್ಲ ಚಾಕ್‌ಪೀಸಿನಿಂದ ದುಂಡಗೆ ಗುರುತು ಹಾಕಿದೆ. ಅಲ್ಲಿ ಶೀಟು ಕೈಯಿಂದ ಕೊಯ್ದು, ಬೋಲ್ಟನ್ನು ಗ್ರೈಂಡರಿನಿಂದ ನೆಲಸಮ ಮಾಡಿದ ಮೇಲೆಯೇ ಹಿಂಭಾಗಕ್ಕೆ ಯಂತ್ರ ತರಬೇಕು, ಅಲ್ಲಿಯತನಕ ಮುಂಭಾಗ ಮಾತ್ರ ಎಂದು ಎಲ್ಲರ ಎದುರು ಹೇಳಿದೆ. ಸಾವ್ಕಾರ್ರು "ಆತ್ರಿ, ಆತ್ರಿ" ಅಂದರು.

ಮುಂಭಾಗದಲ್ಲಿ ಪಾರಪ್ಪನಿಗೆ ಕಲಿಸಿದೆ. ಕೈ ಹದ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಎರಡು ಪಟ್ಟಿ ನೇರವಾಗಿ ಎಬ್ಬಿಸಿದ. ನಾನು ಕೇಬಲ್ಲು ಸರಿಪಡಿಸಿ ಬರುವಷ್ಟರಲ್ಲಿ ನೋಡುತ್ತೇನೆ, ಯಂತ್ರ ತನ್ನಷ್ಟಕ್ಕೆ ತಾನೇ ತೆವಳುತ್ತಿದೆ. ಪಾರಪ್ಪ ಪಕ್ಕದಲ್ಲಿ ಕೈ ಕಟ್ಟಿ ನಡೆಯುತ್ತಿದ್ದಾನೆ, ಗಂಗವ್ವ ಬ್ಲೇಡಿನ ಎದುರೇ ಕುಕ್ಕರಗಾಲಿನಲ್ಲಿ ಕೂತು ಎದ್ದ ಶೀಟನ್ನು ಚಾಪೆಯಂತೆ ಸುತ್ತುತ್ತ ಹಿಂದೆ ಹಿಂದೆ ಸರಿಯುತ್ತಿದ್ದಾಳೆ. ಲೀವರನ್ನು ಹಿಡಿಕೆಗೆ ಸೇರಿಸಿ ವೇಸ್ಟ್ ನೂಲಿನಿಂದ ಬಿಗಿದು ಕಟ್ಟಿದ್ದರು.

"ಅರೇ ದೇವಾ!" ಎಂದು ಕಿರುಚಿದವಳೇ ಓಡಿ ಪ್ಲಗ್ ಕಿತ್ತೆ. "ಪಾರಪ್ಪ, ಯಾವ ಶಾಣ್ಯಾ ಹೇಳಿಕೊಟ್ಟ ನಿನಗಿದನ್ನ?"

ಪಾರಪ್ಪನಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ. "ಮಗ್ಗದಾಗ ಹಿಂಗ ಕಟ್ಟತೇವಲ್ರಿ ಬಾಯಾರ."

ಮಗ್ಗದ ಆ ಸಂಗತಿ ನನಗೆ ಅವತ್ತೇ ತಿಳಿದದ್ದು. ಎಳೆ ಹರಿದರೆ ಮಗ್ಗ ತಾನೇ ನಿಲ್ಲುವಂತೆ ಅದರಲ್ಲೊಂದು ಕೀಲು ಇರುತ್ತದೆ. ಮಗ್ಗ ಹಳೆಯದಾದಂತೆ ಆ ಕೀಲು ಸುಮ್ಮಸುಮ್ಮನೆ ಮಗ್ಗವನ್ನು ನಿಲ್ಲಿಸುತ್ತದೆ, ಸೀರೆ ಮುಗಿಯುವುದಿಲ್ಲ. ಹಾಗಾಗಿ ಕೆಲವು ನೇಕಾರರು ಅದನ್ನು ನೂಲಿನಿಂದ ಕಟ್ಟಿ ಸುಮ್ಮನಾಗಿಸಿಬಿಡುತ್ತಾರೆ. ಒಬ್ಬನೇ ನಾಲ್ಕು ಮಗ್ಗ ನೋಡಿಕೊಳ್ಳುವವನಿಗೆ ಒಂದು ಯಂತ್ರದ ಲೀವರ್ ಹಿಡಿದುಕೊಂಡು ಅದರ ಹಿಂದೆ ನಡೆಯುವುದು ಹುಚ್ಚುತನ ಅನಿಸಿತ್ತು. ಆದರೆ ಮಗ್ಗ ಬೋಲ್ಟು ಹಾಕಿ ನಿಂತಲ್ಲೇ ನಿಂತಿರುತ್ತದೆ ಮಾರಾಯ, ಇದು ನಡೆಯುವ ಯಂತ್ರ! ಮಗ್ಗದ ಕೀಲು ಕಟ್ಟಿದರೆ ಸೀರೆ ಕೆಡುತ್ತದೆ, ಇದರ ಲೀವರ್ ಕಟ್ಟಿದರೆ ಮನುಷ್ಯ ಕೆಡುತ್ತಾನೆ. ಇದನ್ನೇ ಬಿಡಿಸಿ ಹೇಳಿದೆ. ನೂಲು ಬಿಚ್ಚಿ ಬಿಸಾಡಿದೆ. ಗಂಗವ್ವನನ್ನು ಕೈ ಹಿಡಿದು ಎಬ್ಬಿಸಿ, ಯಂತ್ರ ನಿಂತ ಮೇಲೆ ಬರಬೇಕು ಎಂದು ಆಣೆ ಹಾಕಿಸಿದೆ. ನಗುತ್ತ ಆಣೆ ಹಾಕಿದಳು.

ಊಟದ ಹೊತ್ತಿಗೆ ಮತ್ತೆ ನೂಲು. ಮತ್ತೆ ಪ್ಲಗ್ ಕಿತ್ತೆ, ಮತ್ತೆ ಬಿಚ್ಚಿದೆ. ಈ ಸಲ ಸಾವ್ಕಾರ್ರು ಗಲ್ಲಾದ ಹಿಂದೆ ಕೂತು ನಗುತ್ತಿದ್ದರು.

"ಯಾಕ ಅಂಜತೀರಿ ಬಾಯಾರ? ನಮ್ಮೂರ ನೂಲು, ಛಲೋ ಐತಿ, ಹರಿಯಂಗಿಲ್ಲ."

"ಹರಿಯಂಗಿಲ್ಲ ಅಂತನ ಅಂಜಾಕತ್ತೇನ್ರಿ ಸಾವ್ಕಾರ್ರ. ಇನ್ನ ನಿಮ್ಮ ಮಂದಿ ಈ ಮಷಿನ್ ಮುಟ್ಟಂಗಿಲ್ಲ. ನಮ್ಮ ಹುಡುಗ ಬೀಳಗಿಯಿಂದ ಬಂದ ಮ್ಯಾಲೆನ ಕೆಲಸ."

ಹೀಗೆ ಹೇಳಿ, ಕೇಬಲ್ಲು ಸುತ್ತಿಟ್ಟು, ಏಜೆನ್ಸಿಯ ಮಾಲೀಕರಿಗೆ ಫೋನ್ ಮಾಡಲು ಹೊರಗೆ ಬಂದೆ. ಹಿಂಗೋಡೆಗೆ ಅಂಟಿದ ಶೆಡ್ಡುಗಳ ಖಟಖಟದಲ್ಲಿ ಒಳಗೆ ಮಾತೇ ಕೇಳಿಸುತ್ತಿರಲಿಲ್ಲ. ಯಂತ್ರ ವಾಪಸ್ ತರಿಸಿಕೊಳ್ಳಿ ಎಂದೆ. ಅವರು "ದೊಡ್ಡ ಗಿರಾಕಿ ಅದಾರ್ರಿ, ಮುಧೋಳದಾಗೂ ಅವರ ಕೆಲಸ ಬರೂದೈತಿ. ಸ್ವಲ್ಪ ಸಂಭಾಳಿಸ್ರಿ" ಎಂದರು. ಸಂಭಾಳಿಸುವುದು! ಈ ಒಂದು ಶಬ್ದದಡಿ ಎಷ್ಟು ಹೊಲಸನ್ನು ಮುಚ್ಚಿಡಬಹುದು ನೋಡಿ. ಅವರೊಂದಿಗೆ ವಾದಿಸುತ್ತಿರುವಾಗಲೇ ಒಳಗಿಂದ ಯಂತ್ರದ ಗುರ್ ಸದ್ದು ಬಂತು. ಅದರ ಹಿಂದೆಯೇ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು, ಆಮೇಲೆ ಗಂಗವ್ವನ ಚೀರು.

ಓಡಿದೆ. ಯಂತ್ರ ಹಿಂಭಾಗದಲ್ಲಿತ್ತು, ನಾನು ಹಾಕಿದ ಚಾಕ್‌ಪೀಸಿನ ಗುರುತಿನ ಮೇಲೆಯೇ ಹಾದುಹೋಗಿತ್ತು. ಬೋಲ್ಟಿಗೆ ಬಡಿದು ಪಕ್ಕಕ್ಕೆ ಸಿಡಿದು, ಶೀಟು ಸುತ್ತುತ್ತ ಕೂತಿದ್ದ ಗಂಗವ್ವನ ಬಲಗಾಲಿನ ಮೇಲೆ ಏರಿತ್ತು. ಏರಿ ನಿಂತಿರಲಿಲ್ಲ. ಲೀವರ್ ಕಟ್ಟಿತ್ತಲ್ಲ, ಗೋಡೆಗೆ ಒತ್ತಿಕೊಂಡು ಇನ್ನೂ ನಡುಗುತ್ತಲೇ ಇತ್ತು. ಆಕೆಯ ಬರಿಗಾಲು ಅದರ ಅಡಿಯಲ್ಲಿತ್ತು.

ಇಲ್ಲಿಂದ ಮುಂದಿನದನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ, ಎಷ್ಟೋ ಜನ ನಂಬಿಲ್ಲ. ಪ್ಲಗ್ ಇದ್ದದ್ದು ಗೋಡೆಯ ಮೇಲೆ, ಸಾವ್ಕಾರ್ರು ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವರು ಕೈ ಚಾಚಲಿಲ್ಲ, ಬಾಗಿಲಲ್ಲಿ ನನ್ನನ್ನು ನೋಡಿದರು. ನೋಡಿದವರೇ ಕೂಗಿದ್ದು ಹೀಗೆ:

"ಲೇ ಪಾರ್ಯಾ, ದಾರಾ ತಗೀ ಮೊದಲ! ದಾರಾ ತಗೀ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಇನ್ನೂ ಯಾರೂ ಕಳ್ಳ ಅಂದಿರಲಿಲ್ಲ. ಆಸ್ಪತ್ರೆ ಬೇಡ, ಕಾಲು ಬೇಡ, ಆ ಹೆಂಗಸಿನ ಚೀರಾಟವೂ ಬೇಡ, ನೂಲು ನನ್ನ ಕಣ್ಣಿಗೆ ಬೀಳಬಾರದು, ಅಷ್ಟೇ. ಮತ್ತೆ ಪಾರಪ್ಪ, ಆಕೆಯ ಕೈ ಹಿಡಿದ ಗಂಡ, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ನೇಕಾರರ ಸಣ್ಣ ಕತ್ತರಿ ತೆಗೆದು, ಹೆಂಡತಿಯನ್ನು ದಾಟಿಕೊಂಡು ಹೋಗಿ ನೂಲು ಕತ್ತರಿಸಿದ. ಕತ್ತರಿಸಿ ಜೇಬಿಗೆ ಹಾಕಿಕೊಂಡ. ನೂಲು ಕತ್ತರಿಸಿದ್ದರಿಂದ ಯಂತ್ರವೂ ನಿಂತಿತು ನಿಜ. ಆದರೆ ಅದಕ್ಕಾಗಿ ಅವನು ಕತ್ತರಿಸಲಿಲ್ಲ. ನಾನು ಅವನ ಮುಖ ನೋಡಿದ್ದೇನೆ. ಥೂ!

ಪ್ಲಗ್ ಕಿತ್ತೆ. ಬೀದಿಯಲ್ಲಿದ್ದವರನ್ನು ಕೂಗಿ ಯಂತ್ರವನ್ನು ಹಿಂದಕ್ಕೆ ಎತ್ತಿಸಿದೆ. ನನ್ನ ದುಪಟ್ಟಾ ಬಿಗಿದು ಕಟ್ಟಿದೆ. ಊರಿನಲ್ಲೇ ಮೊದಲ ಉಪಚಾರ ಮಾಡಿಸಿ, ಆ ವೈದ್ಯರು ಹೇಳಿದಂತೆ ಜಮಖಂಡಿಗೆ ಕಾರಿನಲ್ಲಿ ಕರೆದೊಯ್ದೆವು. ಕಾರು ಸಾವ್ಕಾರ್ರದೇ. ಸೀಟಿಗೆ ರಕ್ತ ಹತ್ತೀತು ಎಂದು ಅವರ ಡ್ರೈವರ್ ಕೆಳಗೆ ಪ್ಲಾಸ್ಟಿಕ್ ಹಾಸಿದ, ಅದೂ ಸೀರೆ ಸುತ್ತುವ ಹೊಸ ಪ್ಲಾಸ್ಟಿಕ್. ಗಂಗವ್ವ ದಾರಿಯುದ್ದಕ್ಕೂ ನನ್ನ ಮೊಣಕೈ ಹಿಡಿದಿದ್ದಳು. ಆಪರೇಷನ್ ಆಯಿತು. ಕಾಲು ಉಳಿಯಿತು, ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಉಳಿಯಲಿಲ್ಲ. ಹೆಬ್ಬೆರಳಿಲ್ಲದ ಕಾಲಿನ ಮೇಲೆ ಇಡೀ ದಿನ ಮಗ್ಗದ ಮುಂದೆ ನಿಲ್ಲುವುದು ಕಷ್ಟ ಎಂದು ವೈದ್ಯರು ನನ್ನನ್ನು ಹೊರಗೆ ಕರೆದು ಹೇಳಿದರು. ಆಕೆಯ ಅನ್ನ ಆ ಕಾಲಿನ ಮೇಲೆ ನಿಂತಿತ್ತು.

ಆಸ್ಪತ್ರೆಯ ವರಾಂಡದಲ್ಲಿ ಕಥೆ ಕಟ್ಟುವ ಕೆಲಸ ಆಗಲೇ ಮುಗಿದಿತ್ತು. ಗಂಗವ್ವ ತಾನೇ ನೋಡದೆ ಕಾಲು ಇಟ್ಟಳು. ನೂಲು? ಯಾವ ನೂಲು? ಪಾರಪ್ಪ ಗೋಡೆಗೆ ಮುಖ ಮಾಡಿ ನಿಂತಿದ್ದ. ನಮ್ಮ ಮಾಲೀಕರು ನನ್ನನ್ನು ಮೂಲೆಗೆ ಕರೆದು, "ಅಕಿ ತಪ್ಪಂದ್ರ ಯಾರಿಗೂ ತ್ರಾಸ ಇಲ್ರಿ ಬಾಯಾರ. ನೀವು ಹೊರಗ ಇದ್ರಿ, ಏನೂ ನೋಡಿಲ್ಲ ಅನ್ರಿ, ಸಾಕು" ಎಂದರು. ಸಾವ್ಕಾರ್ರು ಹಣ್ಣಿನ ಬುಟ್ಟಿ ಹಿಡಿದು ಬಂದು, ಗಂಗವ್ವನ ತಲೆ ಸವರಿ, "ನೀ ನಮ್ಮ ಮನಿ ಮಗಳಿದ್ದಂಗ ಬೇ" ಎಂದರು. ಮಗಳಂತೆ! ನನಗೆ ಆ ಬುಟ್ಟಿಯನ್ನು ಅವರ ತಲೆಯ ಮೇಲೆ ಬೋರಲು ಹಾಕಬೇಕು ಅನಿಸಿತು. ನನ್ನ ಹೇಳಿಕೆ ಏನಿರುತ್ತದೆ ಎಂದು ಇಬ್ಬರಿಗೂ ಅಲ್ಲೇ ಹೇಳಿದೆ. ಆದರೆ ನಾನೊಬ್ಬಳು ಹೇಳಿದರೆ ಏನಾಗುತ್ತದೆ? ಗಾಯವಾದವಳೇ ನನ್ನ ತಪ್ಪು ಅಂದರೆ ಅಲ್ಲಿಗೆ ಮುಗಿಯಿತು, ಆಕೆಗೆ ಕವಡೆ ಪರಿಹಾರವೂ ಇಲ್ಲ.

ಕಾರ್ಮಿಕ ಇಲಾಖೆಯ ನಿರೀಕ್ಷಕರು ಬಂದದ್ದು ಗಂಗವ್ವ ಹಾಸಿಗೆಯಲ್ಲಿ ಎದ್ದು ಕೂರುವಂತಾದ ಮೇಲೆ. ಸಾವ್ಕಾರ್ರು ಒಂದು ಕಡೆ, ಪಾರಪ್ಪ ಒಂದು ಕಡೆ, ಹಾಸಿಗೆಯ ಕಾಲ ಹತ್ತಿರ ನಾನು. ನಿರೀಕ್ಷಕರು ಮೆಲುದನಿಯ ಮನುಷ್ಯ. "ಏನಾತವ್ವ, ನೀನ ಹೇಳು" ಅಂದರು.

ಪಾರಪ್ಪ ಬಾಯಿ ಹಾಕಿದ. "ಅಕಿ ನೋಡದನ ಕಾಲ..."

"ನೀ ಸುಮ್ನಿರು" ಎಂದಳು ಗಂಗವ್ವ. ಆ ದನಿ ನಾನು ಅದುವರೆಗೆ ಕೇಳಿರಲಿಲ್ಲ. "ಸಾಹೇಬ್ರ, ಮಷಿನ್ ಹಿಡಿಕಿಗಿ ದಾರಾ ಕಟ್ಟಿತ್ರಿ. ಮೊದಲ ಎರಡ ಸಲ ನನ್ನ ಗಂಡ ಕಟ್ಟಿದ್ರು. ಎರಡೂ ಸಲ ಬಾಯಾರು ಬಿಚ್ಚಿ ಒಗದ್ರು, ಬೈದ್ರು. ಬಾಯಾರು ಹೊರಗ ಹೋದ್ರಲ್ಲ, ಆಗ ಸಾವ್ಕಾರ್ರು ಬಂದು, ಈ ಹೆಣ್ಮಗಳ ಮಾತ ಕೇಳಿದ್ರ ನನ್ನ ಅಂಗಡಿ ತಗ್ಯಾಂಗಿಲ್ಲ, ಕಟ್ರಿ, ಹಿಂದಿನ ಬಾಜೂನೂ ಹೊಡದ ಬಿಡ್ರಿ ಅಂದ್ರು."

ಸಾವ್ಕಾರ್ರು ಎದ್ದು ನಿಂತರು. ನಿರೀಕ್ಷಕರು ಕೈ ತೋರಿಸಿ ಕೂಡಿಸಿದರು. "ಮೂರನೇ ಸಲ ಯಾರು ಕಟ್ಟಿದ್ರವ್ವ? ನಿನ್ನ ಗಂಡನ?"

ಗಂಗವ್ವ ತನ್ನ ಬೆರಳುಗಳನ್ನು ನೋಡಿಕೊಂಡಳು.

"ಇಲ್ರಿ. ನಾನ ಕಟ್ಟೀನ್ರಿ. ಅವರ ಗಂಟು ಸಡಲ ಆಗತಿತ್ತು. ನನ್ನ ಗಂಟು ಬಿಚ್ಚಂಗಿಲ್ರಿ."

ಈ ಒಂದು ಮಾತನ್ನು ಆಕೆ ಹೇಳುವ ಅಗತ್ಯವಿರಲಿಲ್ಲ, ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೆರಳು ಕಳೆದುಕೊಂಡವಳು ತನ್ನ ಪಾಲಿನದನ್ನು ತಾನೇ ಹೇಳಿದಳು. ಏನೂ ಕಳೆದುಕೊಳ್ಳದವರು ಅಷ್ಟು ದಿನ ಅದೇ ಹಾಸಿಗೆಯ ಸುತ್ತ ಸುಳ್ಳಿನ ಚಾಪೆ ಹಾಸುತ್ತಿದ್ದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಹೇಸಿಗೆ ಬಂತು. ನಿರೀಕ್ಷಕರು ಬರೆದುಕೊಂಡು, ಸಾವ್ಕಾರ್ರ ಕಡೆ ತಿರುಗಿ ಇಷ್ಟೇ ಹೇಳಿದರು: "ಕಟ್ಟಿದವರು ಯಾರರ ಇರಲಿ, ಕಟ್ಟಿಸಿದವರು ನೀವು."

ಪರಿಹಾರ ಸಿಕ್ಕಿತು, ಸಾವ್ಕಾರ್ರು ಕೋರ್ಟಿಗೆ ಅಲೆದರು. ಗಂಗವ್ವ ಈಗ ಕೂತು ಮಾಡುವ ಕೆಲಸ ಮಾತ್ರ ಮಾಡುತ್ತಾಳೆ, ಕುಂಟುತ್ತಾಳೆ. ಪಾರಪ್ಪನನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ನಾನಾಗಿದ್ದರೆ ಹಾಕುತ್ತಿದ್ದೆ. "ಅಂವಾ ಅಂಜಬುರಕ ಅದಾನ್ರಿ ಬಾಯಾರ, ಕೆಟ್ಟಾಂವಲ್ಲ" ಎನ್ನುತ್ತಾಳೆ. ಇರಬಹುದು. ನನಗೆ ಅಂಜುಬುರುಕರ ಬಗ್ಗೆ ಅಷ್ಟು ತಾಳ್ಮೆ ಉಳಿದಿಲ್ಲ.

ನಾನು ಆ ಏಜೆನ್ಸಿ ಬಿಟ್ಟೆ. ಈಗ ಜಮಖಂಡಿಯಲ್ಲಿ ನನ್ನದೇ ಸಣ್ಣ ಸಂಸ್ಥೆ ಇದೆ, ನನ್ನದೇ ಯಂತ್ರ. ಬೂಟು, ಅರ್ಥಿಂಗ್, ಚಾಕ್‌ಪೀಸು ಎಲ್ಲವನ್ನೂ ಹೇಳಿಕೊಟ್ಟ ಮೇಲೆ ಯಂತ್ರ ನಡೆಸುವವರಿಗೂ ಅದನ್ನು ಕೇಳಿ ಬಂದ ಗಿರಾಕಿಗಳಿಗೂ ಕೊನೆಗೆ ಒಂದು ಪ್ರಶ್ನೆ ಕೇಳುತ್ತೇನೆ: "ಮಷಿನ್ ಅಡಿಗೆ ಯಾರರ ಸಿಕ್ಕರ ನಿಮ್ಮ ಕೈ ಮೊದಲ ಎಲ್ಲಿಗೆ ಹೋಗತೈತಿ?" ಈ ವೃತ್ತಿ ನನಗೆ ಕಲಿಸಿದ್ದು ಅಷ್ಟೇ. ನಿಯಮ ಎಲ್ಲರಿಗೂ ಬಾಯಿಪಾಠ ಬರುತ್ತದೆ, ಅಪಘಾತದ ಕ್ಷಣದಲ್ಲಿ ಕೈ ಎತ್ತ ಹೋಗುತ್ತದೆ ಎಂಬುದರಲ್ಲಿ ಮನುಷ್ಯ ತಿಳಿಯುತ್ತಾನೆ.

ಕಳೆದ ವರ್ಷ ಒಂದು ಫೋನ್ ಬಂತು. ಸಾವ್ಕಾರ್ರು. ಮುಧೋಳದಲ್ಲಿ ಹೊಸ ಅಂಗಡಿ ತೆಗೆಯುತ್ತಿದ್ದರು, ಅಲ್ಲೂ ಹಳೆಯ ನೆಲ ಕೀಳಬೇಕಿತ್ತು.

"ಆಗಿದ್ದ ಆಗಿ ಹೋತ್ರಿ ಬಾಯಾರ. ಈ ಸಲ ಎಲ್ಲಾ ಕಾಯ್ದೆ ಪ್ರಕಾರ. ನೀವು ಹೇಳಿದಂಗ."

ನಾನು ನನ್ನ ಪ್ರಶ್ನೆ ಕೇಳಿದೆ. ಅವರು ಒಂದು ಗಳಿಗೆಯೂ ತಡೆಯಲಿಲ್ಲ.

"ಪ್ಲಗ್ಗಿಗ್ರಿ. ಮೊದಲ ಪ್ಲಗ್ ಕೀಳೂದು. ನನಗ ಗೊತ್ತಿಲ್ಲೇನ್ರಿ?"

"ಉತ್ತರ ಖರೆ ಐತ್ರಿ ಸಾವ್ಕಾರ್ರ. ಮಷಿನ್ ಕೊಡಂಗಿಲ್ಲ."

"ಯಾಕ್ರಿ? ಎಷ್ಟ ದಿನ ಅಂತ ಸಿಟ್ಟ ಹಿಡಕೊಂಡ ಕುಂದ್ರತೀರಿ? ಯಾವಾಗ ಕೊಡತೀರಿ ಹೇಳ್ರಿ."

"ಗಂಗವ್ವನ ಬೆರಳ ಮತ್ತ ಚಿಗಿತ ಮ್ಯಾಲೆ ಫೋನ್ ಮಾಡ್ರಿ" ಎಂದು ಹೇಳಿ ಫೋನ್ ಇಟ್ಟೆ.